ಅನುದಿನದ ಆಹಾರ

ಪ್ರಶ್ನೋತ್ತರ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಕ್ರೈಸ್ತ ಓದುಗರ ಪತ್ರಗಳಿಗೆ ನಿವೃತ್ತ ಸಭಾಪಾಲಕರೊಬ್ಬರ ಉತ್ತರ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಧಾರವಾಡದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಅಜ್ಜಿ ಸಂಗೀತ ಎತ್ತಿಕೊಂಡರೆ ಉಳಿದವರು ದನಿಗೂಡಿಸಬೇಕು. ಇಲ್ಲಿ ಕಣ್ಣು ಬಿಟ್ಟ ಕೂಡಲೇ ಫೋನು, ಏಳೂವರೆಗೆ ಬೆಂಗಳೂರಿನ ತಂಡದ ಜೊತೆ ಮೀಟಿಂಗು. ಪ್ರತಿ ಜನವರಿಯಲ್ಲೂ 'ಈ ವರ್ಷ ಪೂರ್ತಿ ಬೈಬಲ್' ಎಂದು ಶುರು ಮಾಡುತ್ತೇನೆ. ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಂತುಹೋಗುತ್ತದೆ. ಆಮೇಲೆ ಪುಸ್ತಕ ತೆರೆಯಲಿಕ್ಕೇ ನಾಚಿಕೆ. ಏನು ಮಾಡಲಿ?
— ಸಾಫ್ಟ್‌ವೇರ್ ಎಂಜಿನಿಯರ್, ಸನ್ನಿವೇಲ್

ಉತ್ತರ: ನೀವು ಎಂಜಿನಿಯರು, ಮೊದಲು ಲೆಕ್ಕವನ್ನೇ ನೋಡೋಣ. ನಮ್ಮ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಓದಬೇಕು. ಒಂದು ವಾರ ತಪ್ಪಿದರೆ ಸುಮಾರು ಇಪ್ಪತ್ತಮೂರು ಅಧ್ಯಾಯ ಬಾಕಿ ಬೀಳುತ್ತದೆ. ಆಮೇಲೆ ನೀವು ಓದುವುದು ಬಾಕಿ ತೀರಿಸಲಿಕ್ಕೆ, ದೇವರ ಮಾತು ಕೇಳಲಿಕ್ಕಲ್ಲ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನ ಸಿಕ್ಕಿದ್ದು ಅಂದಂದಿನ ಪಾಲಾಗಿ. ನಾಳೆಗಿರಲಿ ಎಂದು ಉಳಿಸಿಕೊಂಡವರ ಪಾಲಿಗೆ ಹುಳ ಬಿತ್ತು. ತಪ್ಪಿದ ದಿನಗಳನ್ನು ಹಾಗೇ ಬಿಡಿ, ಇವತ್ತಿನದನ್ನು ಓದಿ.

ಎಷ್ಟು ಓದಬೇಕು? ಒಂದು ವಚನವೂ ಸಾಕು ಎನ್ನಲು ನಿಮ್ಮ ಪರಂಪರೆಯಲ್ಲೇ ಆಧಾರವಿದೆ. ಬಾಸೆಲ್ ಮಿಷನ್‌ನವರು ಧಾರವಾಡದಲ್ಲಿ ನೆಲೆಯೂರಿದ್ದು 1837ರಲ್ಲಿ. ಅವರನ್ನು ಬೆಳೆಸಿದ ಜರ್ಮನ್ ಭಕ್ತಿಪರಂಪರೆಗೆ ಸೇರಿದ ಊರು ಹೆರ್ನ್‌ಹೂಟ್. ಅಲ್ಲಿ 1728ರ ಮೇ ತಿಂಗಳ ಒಂದು ಸಂಜೆ ಕೌಂಟ್ ಜಿನ್ಜೆಂಡಾರ್ಫ್ ತನ್ನ ಸಭೆಗೆ ಮರುದಿನಕ್ಕೆಂದು ಒಂದೇ ಒಂದು ಮಾತು ಕೊಟ್ಟ. ಮುಂದೆ ಅದೇ ರೂಢಿಯಾಯಿತು. ದಿನವೂ ಬೆಳಿಗ್ಗೆ ಸಭೆಯ ಸಹೋದರರು ಮನೆಮನೆಗೆ ಹೋಗಿ ಅಂದಿನ ವಚನ ಮುಟ್ಟಿಸುತ್ತಿದ್ದರು, ಹಾಗೆಯೇ ಕ್ಷೇಮಸಮಾಚಾರ ಕೇಳಿ ಬರುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ವರ್ಷ ವರ್ಷವೂ ಬರುತ್ತಿದೆ, ಇವತ್ತಿಗೂ ನಿಂತಿಲ್ಲ. ಈ ಏರ್ಪಾಡಿನಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಪಾಲು ಚಿಕ್ಕದು, ಮತ್ತು ಅದನ್ನು ಇನ್ನೊಬ್ಬರು ಬಾಗಿಲಿಗೆ ತಂದುಕೊಡುತ್ತಿದ್ದರು.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ. ದಿನಕ್ಕೆ ಒಂದು ಘಟನೆ ಮಾತ್ರ, ಫೋನ್ ಮುಟ್ಟುವ ಮುಂಚೆ, ಕಾಗದದ ಪುಸ್ತಕದಲ್ಲಿ. ಎರಡು ಸಲ ನಿಧಾನವಾಗಿ ಓದಿ. ಮನಸ್ಸಿಗೆ ತಾಗಿದ ಒಂದು ಮಾತನ್ನು ಹಿಡಿದುಕೊಳ್ಳಿ. ಆ ಮಾತನ್ನೇ ಪ್ರಾರ್ಥನೆ ಮಾಡಿ. ಕೊನೆಗೆ ಎರಡು ನಿಮಿಷ ಏನನ್ನೂ ಕೇಳದೆ ಕುಳಿತಿರಿ. ಓದು, ಧ್ಯಾನ, ಪ್ರಾರ್ಥನೆ, ಮೌನ ಎಂಬ ಈ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲಿ ಗಿಗೋ ಎಂಬ ಫ್ರೆಂಚ್ ಸನ್ಯಾಸಿ ಬರೆದಿಟ್ಟಿದ್ದಾನೆ. ಒಟ್ಟು ಹತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ಆ ಒಂದು ಮಾತನ್ನು ಊರಿನಲ್ಲಿರುವ ತಂಗಿಗೋ ಗೆಳೆಯನಿಗೋ ಮೆಸೇಜ್ ಮಾಡಿ. ಅವರದನ್ನೂ ಕೇಳಿ. ಹೆರ್ನ್‌ಹೂಟಿನವರು ನಡೆದುಹೋಗಿ ಮಾಡುತ್ತಿದ್ದ ಕೆಲಸವನ್ನು ನೀವು ವಾಟ್ಸ್‌ಆ್ಯಪ್‌ನಲ್ಲಿ ಮಾಡಬಹುದು.

ಪ್ರಶ್ನೆ: ಅಯ್ಯನವರೇ, ಮಗಳ ಬಾಣಂತನಕ್ಕೆ ಅಂತ ಮೈಸೂರಿನಿಂದ ಬಂದಿದ್ದೀನಿ. ಆರು ತಿಂಗಳು ಇರಬೇಕು. ಮಗಳು, ಅಳಿಯ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಇಲ್ಲಿನ ಚರ್ಚಿನಲ್ಲಿ ಪ್ರಸಂಗ ಒಂದಕ್ಷರ ಅರ್ಥವಾಗುವುದಿಲ್ಲ. ಊರಲ್ಲಿ ಮಹಿಳಾ ಅನ್ಯೋನ್ಯ ಕೂಟ, ಗೃಹ ಪ್ರಾರ್ಥನೆ ಅಂತ ವಾರವೆಲ್ಲ ಜನ. ಇಲ್ಲಿ ಹಗಲೆಲ್ಲ ಮಗು, ನಾನು, ಗೋಡೆ.
— ಒಬ್ಬ ಅಜ್ಜಿ, ಫ್ರೀಮಾಂಟ್

ಉತ್ತರ: ಅಮ್ಮಾ, ಕನ್ನಡದ ಆರಾಧನೆ ನಿಮಗೆ ಸಿಗುವ ಹಾದಿಯಿದೆ. ಕರ್ನಾಟಕದ ಅನೇಕ ಸಭೆಗಳು ಭಾನುವಾರದ ಆರಾಧನೆಯನ್ನು ನೇರ ಪ್ರಸಾರ ಮಾಡುತ್ತವೆ. ಅಲ್ಲಿ ಭಾನುವಾರ ಬೆಳಿಗ್ಗೆ ಎಂಟು ಅಂದರೆ ನಿಮಗೆ ಶನಿವಾರ ಸಂಜೆ ಏಳೂವರೆ, ಚಳಿಗಾಲದಲ್ಲಿ ಆರೂವರೆ. ಮಗಳಿಗೂ ಅಳಿಯನಿಗೂ ಆಗ ಆಫೀಸಿಲ್ಲ. ಟಿವಿಗೆ ಹಾಕಿಸಿ, ಎಲ್ಲರೂ ಕೂತು ಹಾಡಿ. ಕನ್ನಡ ಬೈಬಲನ್ನು ಓದಿಹೇಳುವ ಆ್ಯಪ್‌ಗಳಿವೆ. ಮಗುವಿಗೆ ಎಣ್ಣೆ ತಿಕ್ಕುವಾಗ ಕೀರ್ತನೆ ಕೇಳಬಹುದು. ಬೈಬಲಿನ ಕನ್ನಡ ಅನುವಾದಕ್ಕೆ ದುಡಿದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು, ಕನ್ನಡದ ಪೂರ್ತಿ ಬೈಬಲ್ ಹೊರಬಂದಿದ್ದು 1831ರಲ್ಲಿ. ಅಷ್ಟು ವರ್ಷದ ಶ್ರಮ ಈಗ ನಿಮ್ಮ ಅಂಗೈಯಲ್ಲಿದೆ.

ಆದರೂ ಪರದೆಯಿಂದ ದನಿ ಬರುತ್ತದೆ, ಜನ ಬರುವುದಿಲ್ಲ. ಬೇ ಏರಿಯಾದಲ್ಲಿ ತೆಲುಗು, ತಮಿಳು ಆರಾಧನೆಗಳು ನಡೆಯುತ್ತವೆ. ಮೈಸೂರಿನವರಿಗೆ ಈ ಎರಡರಲ್ಲಿ ಒಂದಾದರೂ ಕಿವಿಗೆ ಬಿದ್ದಿರುತ್ತದೆ. ತಿಂಗಳಿಗೊಮ್ಮೆ ಕರೆದುಕೊಂಡು ಹೋಗಲು ಅಳಿಯನಿಗೆ ಹೇಳಿ. ಇಂಗ್ಲಿಷ್ ಆರಾಧನೆಗೂ ಹೋಗಿ. ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಇಂಗ್ಲಿಷಿನಲ್ಲಿ ಹೇಳುವಾಗ ನೀವು ಕನ್ನಡದಲ್ಲಿ ಹೇಳಿ, ಯಾರೂ ಬೇಡವೆನ್ನುವುದಿಲ್ಲ. ಪ್ರಭು ಭೋಜನಕ್ಕೆ ಕೈ ಚಾಚಲು ಭಾಷೆ ಬೇಡ.

ಇನ್ನೊಂದು ಮಾತು. ಫ್ರೀಮಾಂಟ್‌ನ ಪಾರ್ಕುಗಳಲ್ಲಿ ಸಂಜೆ ಐದರ ಮೇಲೆ ಸ್ವೆಟರ್ ಹಾಕಿಕೊಂಡು, ಸ್ಟ್ರೋಲರ್ ತಳ್ಳುತ್ತಾ ಬರುವ ನಮ್ಮ ಕಡೆಯ ಅಜ್ಜಿಯರನ್ನು ನೋಡಿರುತ್ತೀರಿ. ಅವರಲ್ಲಿ ಅರ್ಧ ಜನಕ್ಕೆ ನಿಮ್ಮದೇ ಸಂಕಟ. ಯಾವ ಧರ್ಮದವರೇ ಆಗಲಿ, ಮಾತಾಡಿಸಿ, ಅವರ ಕಷ್ಟ ಕೇಳಿಸಿಕೊಳ್ಳಿ. ಮನೆಗೆ ಬಂದು ಅವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪ್ರಾರ್ಥಿಸಿ. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ ಅನ್ನಳೆಂಬ ವೃದ್ಧ ವಿಧವೆ ಮಾಡುತ್ತಿದ್ದದ್ದೂ ಇದೇ ಪ್ರಾರ್ಥನೆಯ ಸೇವೆ. ನಿಮ್ಮ ಆರು ತಿಂಗಳು ವ್ಯರ್ಥವಾಗುತ್ತಿಲ್ಲ.

ಪ್ರಶ್ನೆ: ಹಾಸನದಲ್ಲಿ ನಮ್ಮದು ಚಿಕ್ಕ ಸಭೆ. ಒಂದು ವಾರ ಹೋಗದಿದ್ದರೆ ಮನೆಗೇ ಬಂದು ವಿಚಾರಿಸುತ್ತಿದ್ದರು, ಆಗ ಕಿರಿಕಿರಿ ಅನಿಸುತ್ತಿತ್ತು. ಇಲ್ಲಿ ಒಂದೊಂದು ತಿಂಗಳು ಒಂದೊಂದು ಚರ್ಚ್ ನೋಡಿದೆ. ಹಾಡು ಚೆನ್ನಾಗಿರುತ್ತದೆ, ಕಾಫಿ ಚೆನ್ನಾಗಿರುತ್ತದೆ. ನಾನು ಬಂದೆನೋ ಬಿಟ್ಟೆನೋ ಯಾರಿಗೂ ಗೊತ್ತಾಗುವುದಿಲ್ಲ.
— ಸಂಶೋಧನಾ ವಿದ್ಯಾರ್ಥಿ, ಬರ್ಕ್ಲಿ

ಉತ್ತರ: ತಮ್ಮಾ, ಹಾಸನದಲ್ಲಿ ಮನೆಗೆ ಬಂದು ವಿಚಾರಿಸುತ್ತಿದ್ದವರ ಹಿಂದೆ ಒಂದು ಹಳೆಯ ಕತೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳ ಮೇಲೆ ಕಟ್ಟಡದ ಸಾಲವಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಎಂದು ಗೊತ್ತುಮಾಡಿ, ಹನ್ನೆರಡು ಜನಕ್ಕೆ ಒಬ್ಬನಂತೆ ವಸೂಲಿಗೆ ನಿಲ್ಲಿಸಿದರು. ವಸೂಲಿಗೆ ಹೋದವನಿಗೆ ಒಂದು ಮನೆಯಲ್ಲಿ ಜಗಳ ಕಂಡಿತು, ಇನ್ನೊಂದು ಮನೆಯಲ್ಲಿ ಕುಡಿತ, ಮತ್ತೊಂದರಲ್ಲಿ ಕಾಯಿಲೆ. ಸಭೆಯ ಪಾಲನೆ ಎಂದರೆ ಇದೇ ಎಂದು ವೆಸ್ಲಿಗೆ ಹೊಳೆಯಿತು. ಆ ಹನ್ನೆರಡು ಜನರ ಗುಂಪು ವಾರಕ್ಕೊಮ್ಮೆ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ 'ಕ್ಲಾಸ್' ಆಯಿತು. ಹಳೇ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನರಿಗಳು ಈ ಪರಂಪರೆಯವರು. ಹಾಸನದ ರೆಡ್‌ಫರ್ನ್ ಆಸ್ಪತ್ರೆ, ಬೆಂಗಳೂರಿನಲ್ಲಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯ ಅವರು ಬಿಟ್ಟುಹೋದ ಗುರುತುಗಳು.

ದೊಡ್ಡ ಚರ್ಚಿನಲ್ಲಿ ಆರಾಧನೆಗೆ ಬರುವ ಸಾವಿರ ಜನರಲ್ಲಿ ನಿಮ್ಮನ್ನು ಯಾರಾದರೂ ಹುಡುಕಿಕೊಂಡು ಬರಲಿ ಎಂದು ಕಾಯಬೇಡಿ. ಆ ಚರ್ಚಿನೊಳಗಿನ ಹನ್ನೆರಡು ಜನರನ್ನು ನೀವೇ ಹುಡುಕಬೇಕು. ವಾರದ ಮಧ್ಯೆ ಮನೆಗಳಲ್ಲಿ ಸೇರುವ ಗುಂಪುಗಳು ಬಹುತೇಕ ಸಭೆಗಳಲ್ಲಿವೆ. ಬಸ್ಸಿನಲ್ಲೋ ಬಾರ್ಟ್‌ನಲ್ಲೋ ಅರ್ಧ ಗಂಟೆಯೊಳಗೆ ಮುಟ್ಟುವ ಒಂದು ಸಭೆ ಆರಿಸಿಕೊಳ್ಳಿ. ಇನ್ನೂ ದೂರವಾದರೆ ಪರೀಕ್ಷೆಯ ವಾರದಲ್ಲಿ ತಪ್ಪಿಯೇ ತಪ್ಪುತ್ತದೆ. ಆರಿಸಿದ ಮೇಲೆ ಒಂದು ಆಗಮನ ಕಾಲದಿಂದ ಮುಂದಿನ ಆಗಮನ ಕಾಲದವರೆಗೆ ಬದಲಾಯಿಸಬೇಡಿ. ಪ್ರಸಂಗ ಸಪ್ಪೆಯಾಗಿದ್ದ ವಾರವೂ ಹೋಗಿ. ಮೊದಲ ತಿಂಗಳಲ್ಲೇ ಒಂದು ಕೆಲಸ ಕೇಳಿ ಪಡೆಯಿರಿ. ಕುರ್ಚಿ ಜೋಡಿಸುವುದು, ಕಾಫಿ ಲೋಟ ತೊಳೆಯುವುದು, ಯಾವುದಾದರೂ ಸರಿ. ಕೆಲಸ ವಹಿಸಿಕೊಂಡವನು ಬರದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಊರಿನಲ್ಲಿ ಕಿರಿಕಿರಿ ಎನಿಸಿದ್ದೇ ಈಗ ನಿಮಗೆ ಬೇಕಾಗಿದೆ. ಅದನ್ನು ಬೇರೆಯವರಿಗೆ ಮಾಡುವುದರಿಂದ ಶುರು ಮಾಡಿ. ಕಳೆದ ವಾರ ಬರದವರಿಗೆ ನೀವೇ ಫೋನ್ ಮಾಡಿ.

ಪ್ರಶ್ನೆ: ಕೆಲಸ ಹೋಯಿತು. ವೀಸಾ ಎಚ್-1ಬಿ. ಅರವತ್ತು ದಿನ ಕೈಯಲ್ಲಿದೆ. ಪ್ರಾರ್ಥನೆಗೆ ಕುಳಿತರೆ ದೇವರ ಮೇಲೆ ಸಿಟ್ಟು ಬರುತ್ತದೆ. ಸಭೆಯವರು 'ದೇವರ ಯೋಜನೆ ಇದೆ' ಅನ್ನುತ್ತಾರೆ. ಅದನ್ನು ಕೇಳಿದರೆ ಎದ್ದು ಬರಬೇಕೆನಿಸುತ್ತದೆ. ಹೆಂಡತಿ ಮಕ್ಕಳ ಮುಂದೆ ನಗುತ್ತಿರಬೇಕು.
— ಹೆಸರು ಬೇಡ, ಸ್ಯಾಂಟಾ ಕ್ಲಾರಾ

ಉತ್ತರ: ಮೊದಲು ಕಾಗದಪತ್ರದ ಮಾತು. ಆ ಅರವತ್ತು ದಿನ ಗರಿಷ್ಠ ಮಿತಿ. ನಿಮ್ಮ ಐ-94 ಅದಕ್ಕೂ ಮುಂಚೆ ಮುಗಿಯುವುದಿದ್ದರೆ ಗಡುವು ಅಷ್ಟಕ್ಕೇ ನಿಲ್ಲುತ್ತದೆ. ಈ ವಾರವೇ ವಲಸೆ ಕಾನೂನಿನ ವಕೀಲರೊಬ್ಬರನ್ನು ನೋಡಿ. ಅದನ್ನು ಮುಂದೂಡಿ ಉಪವಾಸ ಪ್ರಾರ್ಥನೆಗೆ ಕೂರಿ ಎಂದು ನಾನು ಹೇಳುವುದಿಲ್ಲ.

ಸಿಟ್ಟಿನ ಬಗ್ಗೆ ಹೇಳುವುದಾದರೆ, ಅದನ್ನು ಪ್ರಾರ್ಥನೆಯಿಂದ ಹೊರಗಿಡಬೇಡಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ದೂರು, ಅಳಲು, ಮೊರೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಮಾತೂ ಅಲ್ಲಿಲ್ಲ. ಅಂಥದ್ದನ್ನೂ ಪ್ರಾರ್ಥನೆಯೆಂದೇ ನಮ್ಮ ಹಿರಿಯರು ಉಳಿಸಿಕೊಂಡರು. ಈ ವಾರ 13, 42, 88 ಈ ಮೂರನ್ನು ಗಟ್ಟಿಯಾಗಿ ಓದಿ. ಸ್ವಂತ ಮಾತು ಹೊರಡದಿದ್ದರೆ ಬಲವಂತ ಮಾಡಬೇಡಿ.

ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಎಲೀಯನು ಸಾಕು ಸಾಕೆಂದು ಮರಳುಗಾಡಿನಲ್ಲಿ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಊಟವನ್ನೇ ಕೊಟ್ಟ. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ. ತಾನೊಬ್ಬನೇ ಉಳಿದೆನೆಂದು ಎಲೀಯ ಹೇಳಿಕೊಂಡಾಗ ಸಿಕ್ಕ ಉತ್ತರ: ಇನ್ನೂ ಏಳು ಸಾವಿರ ಜನರಿದ್ದಾರೆ, ಜೊತೆಗೆ ಎಲೀಷನಿದ್ದಾನೆ. ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿ, ಮಲಗಿ. ಎರಡು ಕುಟುಂಬಗಳಿಗಾದರೂ ನಿಜ ಹೇಳಿ. ಹೆಂಡತಿಗೆ ಇವತ್ತೇ ಹೇಳಿ, ಅವರು ನಿಮ್ಮ ಮೊದಲ ಸಹವಿಶ್ವಾಸಿ. ಅಡುಗೆ ಸಾಮಾನಿಗೆ ಕಷ್ಟವಾದರೆ 'ಸೆಕೆಂಡ್ ಹಾರ್ವೆಸ್ಟ್ ಆಫ್ ಸಿಲಿಕಾನ್ ವ್ಯಾಲಿ' ನಿಮ್ಮ ಕೌಂಟಿಯಲ್ಲೇ ಆಹಾರ ಹಂಚುತ್ತದೆ. ಕಷ್ಟವಿಲ್ಲದಿದ್ದರೆ ವಾರಕ್ಕೊಂದು ಹೊತ್ತು ಅಲ್ಲಿ ತರಕಾರಿ ವಿಂಗಡಿಸಲು ಹೋಗಿ. ನಿರುದ್ಯೋಗದ ದಿನಗಳಲ್ಲಿ ಕೈಗೆ ಕೆಲಸ ಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಯಾವ ಹೊತ್ತಿನಲ್ಲಾದರೂ 988ಕ್ಕೆ ಫೋನ್ ಮಾಡಿ. ಅದು ಅವಿಶ್ವಾಸವಲ್ಲ.

ಸಭೆಯವರಿಗೆ ನನ್ನದೊಂದು ಮಾತು: ಇಂಥವರ ಮನೆಗೆ ಹೋಗುವಾಗ ದೇವರ ಯೋಜನೆಯನ್ನು ವಿವರಿಸಬೇಡಿ. ಒಂದು ಡಬ್ಬಿ ಚಿತ್ರಾನ್ನ ಮತ್ತು ನಿಮ್ಮ ಕಂಪನಿಯಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿ ತೆಗೆದುಕೊಂಡು ಹೋಗಿ.

ಪ್ರಶ್ನೆ: ನಾವು ಮಂಗಳೂರು ಕಡೆಯ ಕಥೋಲಿಕರು. ರಾತ್ರಿ ತೆರ್ಸ್ (ಜಪಸರ) ಹೇಳುವ ಅಭ್ಯಾಸ ಬಿಟ್ಟಿಲ್ಲ. ಇಲ್ಲೇ ಹುಟ್ಟಿದ ಮಕ್ಕಳಿಬ್ಬರೂ (ಹತ್ತು ಮತ್ತು ಏಳು ವರ್ಷ) ಎರಡನೇ ರಹಸ್ಯಕ್ಕೇ ಸೋಫಾದಿಂದ ಜಾರಿ ನೆಲಕ್ಕೆ ಬರುತ್ತಾರೆ. ಬೈದು ಕೂರಿಸುವುದು ಸರಿಯೇ?
— ತಾಯಿ, ಸ್ಯಾನ್ ಹೋಸೆ

ಉತ್ತರ: ನಾನು ಸಿಎಸ್‌ಐನವನು. ಆದ್ದರಿಂದ ಮಂಗಳೂರಿನ ಫಾದರ್ ಗೆಳೆಯರೊಬ್ಬರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಇಬ್ಬರದೂ ಒಂದೇ ಅಭಿಪ್ರಾಯ: ಬೈಯಬೇಡಿ, ಬಿಡಲೂಬೇಡಿ. ಐದು ರಹಸ್ಯಗಳ ಜಪಸರಕ್ಕೆ ಇಪ್ಪತ್ತು ನಿಮಿಷ ಬೇಕು. ಏಳು ವರ್ಷದ ಮಗುವಿಗೆ ಒಂದು ರಹಸ್ಯ, ಅಂದರೆ ಒಂದು 'ಆಮ್ಚ್ಯಾ ಬಾಪಾ', ಹತ್ತು 'ನಮಾನ್ ಮರಿಯೆ', ಧಾರಾಳವಾಯಿತು. ಉಳಿದ ನಾಲ್ಕನ್ನು ಮಕ್ಕಳು ಮಲಗಿದ ಮೇಲೆ ಗಂಡ ಹೆಂಡತಿ ಹೇಳಿಕೊಳ್ಳಿ.

ಮಕ್ಕಳಿಗೆ ಬೇಕಾದದ್ದು ಕೆಲಸ. ಒಬ್ಬರು ಮೇಣದಬತ್ತಿ ಹಚ್ಚಲಿ, ಒಬ್ಬರು ಅಂದಿನ ರಹಸ್ಯದ ಚಿತ್ರ ಹುಡುಕಿ ಇಡಲಿ. ಗುರುವಾರ ಹೇಳುವ ಬೆಳಕಿನ ರಹಸ್ಯಗಳಿಂದ ಶುರು ಮಾಡಿದರೆ ಒಳ್ಳೆಯದು. ಎರಡನೇ ಜಾನ್ ಪಾಲ್ ಪೋಪರು 2002ರಲ್ಲಿ ಸೇರಿಸಿದ ಆ ಐದರಲ್ಲಿ ಕಾನಾ ಊರಿನ ಮದುವೆಯೂ ಇದೆ. ನೀರು ದ್ರಾಕ್ಷಾರಸವಾದ ಕತೆಗೆ ಮಕ್ಕಳು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಕೇಳಲಿ, ಅದೂ ಪ್ರಾರ್ಥನೆಯೊಳಗೇ ಸೇರಿತು. ಯಾರಿಗಾಗಿ ಪ್ರಾರ್ಥಿಸಬೇಕೆಂದು ಪ್ರತಿ ರಾತ್ರಿ ಅವರೇ ಒಂದು ಹೆಸರು ಹೇಳಲಿ. ತರಗತಿಯ ಗೆಳೆಯ, ಕಾಲು ಮುರಿದುಕೊಂಡ ಟೀಚರ್, ಊರಿನ ಬಾಯಮ್ಮ, ಯಾರಾದರೂ ಆಗಬಹುದು.

ಹಬ್ಬವನ್ನು ಬಿಡಬೇಡಿ. ಆಗಸ್ಟ್ 30ಕ್ಕೆ ಮೊಂತಿ ಹಬ್ಬದ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬದ, ನವೇನ ಶುರುವಾಗುತ್ತದೆ. ಒಂಬತ್ತು ದಿನ ಬಾಲ ಮರಿಯಳಿಗೆ ಹೂ ಎರಚುವುದಕ್ಕೆ ಮಕ್ಕಳನ್ನು ಕರೆಯಬೇಕಾಗಿಲ್ಲ, ತಾವೇ ಓಡಿಬರುತ್ತಾರೆ. ನಿಮ್ಮ ಹಿತ್ತಲಿನ ಹೂವೇ ಸಾಕು. ಸೆಪ್ಟೆಂಬರ್ 8ರಂದು ಮಾಂಸವಿಲ್ಲದ ಊಟ, ಬೆಸಸಂಖ್ಯೆಯ ಪಲ್ಯಗಳು, ಹೊಸ ಭತ್ತದ ತೆನೆ ಸಿಗದಿದ್ದರೆ ಹೊಸದಾಗಿ ಬಂದ ಜೋಳದ ತೆನೆಗೆ ಆಶೀರ್ವಾದ. ಪಕ್ಕದ ಮನೆಯ ಮೆಕ್ಸಿಕನ್ ಕುಟುಂಬವನ್ನೂ ಊಟಕ್ಕೆ ಕರೆಯಿರಿ. ಮರಿಯಮ್ಮನವರ ಮೇಲಿನ ಅಕ್ಕರೆಯನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಕ್ಕಳಿಗೆ ನಮ್ಮ ಮನೆಯಲ್ಲಿ ಮಾತ್ರ ನಡೆಯುವ ವಿಚಿತ್ರ ಪದ್ಧತಿ ಇದಲ್ಲ ಎಂದು ತಿಳಿಯುವುದು ಹೀಗೆ.

ಪ್ರಶ್ನೆ: ನಾನು ನರ್ಸ್. ವಾರದಲ್ಲಿ ಮೂರು ರಾತ್ರಿ ಪಾಳಿ, ಭಾನುವಾರಗಳೂ ಸೇರಿ. ಬೆಳಿಗ್ಗೆ ಮನೆ ಸೇರಿದಾಗ ಕಣ್ಣು ಮುಚ್ಚಿದರೆ ಪ್ರಾರ್ಥನೆಯಲ್ಲ, ನಿದ್ದೆ.
— ಓಕ್ಲೆಂಡ್

ಉತ್ತರ: ನಿದ್ದೆ ಮಾಡಿ, ಅದು ಪಾಪವಲ್ಲ. 17ನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಎಂಬ ಮಠದ ಅಡುಗೆಯವನಿದ್ದ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರುವುದನ್ನು ರೂಢಿ ಮಾಡಿಕೊಂಡವನು. ನೀವು ಒಂದು ಪಾಳಿಯಲ್ಲಿ ಎಷ್ಟೋ ಸಲ ಕೈ ತೊಳೆಯುತ್ತೀರಿ, ಪ್ರತಿಸಲ ಇಪ್ಪತ್ತು ಸೆಕೆಂಡು. ಮುಂದೆ ಯಾವ ಹಾಸಿಗೆಗೆ ಹೋಗುತ್ತೀರೋ ಆ ರೋಗಿಯನ್ನು ಆ ಇಪ್ಪತ್ತು ಸೆಕೆಂಡಿನಲ್ಲಿ ದೇವರ ಮುಂದಿಡಿ, ಸದ್ದಿಲ್ಲದೆ. ಭಾನುವಾರ ಆಗದಿದ್ದರೆ ಶನಿವಾರ ಸಂಜೆ ಆರಾಧನೆ ಇರುವ ಸಭೆಗಳಿವೆ. ಕಥೋಲಿಕರಾದರೆ ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಪಾಳಿಯಲ್ಲಿ ಫಿಲಿಪೀನ್ಸಿನ, ಕೇರಳದ ನರ್ಸುಗಳು ಇದ್ದೇ ಇರುತ್ತಾರೆ. ಬ್ರೇಕ್ ರೂಮಿನಲ್ಲಿ ಐದು ನಿಮಿಷ ಇಬ್ಬರು ಕುಳಿತರೂ ಅದು ಸಭೆಯೇ. ಮತ್ತಾಯ 18ನೇ ಅಧ್ಯಾಯದ 20ನೇ ವಚನ ನೋಡಿ.

ಪ್ರಶ್ನೆ: ನನ್ನ ಗಂಡ ಲಿಂಗಾಯತರು. ಅವರು ಬೆಳಿಗ್ಗೆ ಲಿಂಗಪೂಜೆ ಮಾಡುತ್ತಾರೆ, ನಾನು ಬೈಬಲ್ ಓದುತ್ತೇನೆ. ಜಗಳವಿಲ್ಲ. ಆದರೆ ನಂಬಿಕೆಯ ವಿಷಯದಲ್ಲಿ ಮನೆಯೊಳಗೇ ಒಂಟಿ ಅನಿಸುತ್ತದೆ.
— ಗೃಹಿಣಿ, ಸ್ಯಾನ್ ರಮೋನ್

ಉತ್ತರ: ಅವರ ಬೆಳಗಿನ ಆ ಶಿಸ್ತೇ ನಿಮಗೆ ಅನುಕೂಲ. ಅವರು ಕೂರುವ ಹೊತ್ತಿಗೇ ನೀವೂ ಕೂರಿ, ಬೇರೆ ಕೋಣೆಯಲ್ಲಾದರೂ ಸರಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೇ ಅಧ್ಯಾಯದಲ್ಲಿ ಇಂಥ ದಾಂಪತ್ಯಕ್ಕೆ ಪೌಲನು ಕೊಡುವ ಬುದ್ಧಿಮಾತು ಸಮಾಧಾನದಿಂದ ಬಾಳಿರೆಂದೇ. ಊಟಕ್ಕೆ ಮುಂಚೆ ಇಬ್ಬರೂ ಒಂದು ನಿಮಿಷ ಮೌನವಾಗಿರಬಹುದು, ಅದಕ್ಕೆ ಅವರು ಬೇಡವೆನ್ನಲಾರರು. ನಂಬಿಕೆಯ ಒಡನಾಟ ಪೂರ್ತಿ ಗಂಡನಿಂದಲೇ ಸಿಗಲಿ ಎಂದು ಬಯಸಿದರೆ ಇಬ್ಬರಿಗೂ ಭಾರ. ಒಬ್ಬ ಗೆಳತಿಯನ್ನು ಹುಡುಕಿಕೊಳ್ಳಿ, ವಾರದಲ್ಲಿ ಒಂದು ದಿನ, ಒಂದೇ ಹೊತ್ತಿಗೆ, ಫೋನಿನಲ್ಲಿ ಇಬ್ಬರೂ ಒಂದು ಕೀರ್ತನೆ ಓದಿ ಪ್ರಾರ್ಥಿಸಿ. ಗಂಡನಿಗೆ ಗುಟ್ಟು ಮಾಡಬೇಡಿ.

ಎಲ್ಲ ಓದುಗರಿಗೆ: ಏಳು ಪತ್ರಗಳಲ್ಲಿ ದೇವರನ್ನು ಬಿಟ್ಟೆವೆಂದು ಬರೆದವರು ಒಬ್ಬರೂ ಇಲ್ಲ. ಜನರಿಲ್ಲ ಎಂದೇ ಹಲವರ ದೂರು. ಈ ಪತ್ರಗಳು ಬಂದ ಊರುಗಳೆಲ್ಲ ಒಂದು ಗಂಟೆಯ ದಾರಿಯೊಳಗಿವೆ. ಫ್ರೀಮಾಂಟ್‌ನ ಅಜ್ಜಿಗೆ ಹಾಡಲು ಜನ ಬೇಕು, ಬರ್ಕ್ಲಿಯ ಹುಡುಗನಿಗೆ ವಿಚಾರಿಸುವವರು ಬೇಕು. ನಿಮ್ಮ ಊರಿನಲ್ಲೂ ಇಂಥವರಿದ್ದಾರೆ. ಕನ್ನಡ ಕೂಟದಲ್ಲೋ ಆಫೀಸಿನ ಕ್ಯಾಂಟೀನಿನಲ್ಲೋ ಪರಿಚಯವಾದ ಒಂದು ಕ್ರೈಸ್ತ ಕುಟುಂಬಕ್ಕೆ ಈ ಶನಿವಾರದೊಳಗೆ ಫೋನ್ ಮಾಡಿ, ಮನೆಗೆ ಕರೆಯಿರಿ. ಊಟ ಸಾರು ಅನ್ನವಾದರೂ ಸಾಕು. ಊಟಕ್ಕೆ ಮುಂಚೆ ಒಂದು ಕೀರ್ತನೆ ಓದಿ, ಒಂದು ಸಂಗೀತ ಹಾಡಿ. ಅಷ್ಟಾದರೆ ಗೃಹ ಪ್ರಾರ್ಥನೆ ಶುರುವಾಯಿತು.